ಚಂಡೆ ಪೆಟ್ಟಿನ ಬೆನ್ನಿಗೆ ಬಂದ ಪದ

ಕೋಟ, ಸಾಲಿಗ್ರಾಮ, ಮಂದಾರ್ತಿ ಸುತ್ತಿನ ಮನೆಗಳ ಅಟ್ಟದಲ್ಲಿ ಉಳಿದಿರುವ ಯಕ್ಷಗಾನ ಆಟದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಹುಚ್ಚು. ತಂದುಕೊಡುವವರ ದೂರು ಒಂದೇ: “ಹ್ವಾಯ್, ಚಂಡೆ ಬಿಟ್ರೆ ಪದ ಕೇಂತಿಲ್ಲ.” ಆ ರಾತ್ರಿ ಭಾಗವತರ ಸ್ವರ ಬಿದ್ದಿತ್ತೇನೋ ಎಂದುಕೊಂಡವರೂ ಇದ್ದಾರೆ. ಬಿದ್ದದ್ದು ಸ್ವರವಲ್ಲ.

ಸದ್ದಿನ ಏರಿಳಿತ ಹಿಂದೆ ಹಿಮ್ಮೇಳದವರ ಕೈಯಲ್ಲೇ ಇತ್ತು. ಮೈಕಿಲ್ಲದ ಕಾಲದಲ್ಲಿ ಗದ್ದೆಯ ಅಂಚಿನಲ್ಲಿ ಕೂತವರಿಗೂ ಮುಟ್ಟಲೆಂದು ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಚಂಡೆಯವರು ಸಾಹಿತ್ಯ ಬರುವಾಗ ಕೈ ಹಗುರ ಮಾಡಿ, ಕುಣಿತಕ್ಕೆ ಬಿಚ್ಚಿ ಬಾರಿಸುತ್ತಿದ್ದರು. ಮೈಕು ಬಂದ ಮೇಲೆ ಆ ಅಧಿಕಾರದ ಅರ್ಧಪಾಲು ಸೆಟ್ಟಿನವನಿಗೆ ಹೋಯಿತು. ನಡುರಾತ್ರಿ ಅವನು ಆಂಪ್ಲಿಫೈಯರ್ ಪಕ್ಕ ನಿದ್ದೆಹೋದರೆ ದೇವರೇ ಗತಿ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಎಂಬತ್ತರ ದಶಕಕ್ಕೆ ನಮ್ಮ ಆಟದ ಬಯಲುಗಳನ್ನು ಹಿಡಿದಿತ್ತು. ಅದು ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಾಲ. ನಾರ್ಣಪ್ಪ ಉಪ್ಪೂರರ ಶಿಷ್ಯ, ಸಾಲಿಗ್ರಾಮ ಮೇಳದಲ್ಲಿ ಮೆರೆದವರು, 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ವಯಸ್ಸು ಮೂವತ್ತರ ಆಸುಪಾಸು. ಆಮೇಲೆ ಹುಟ್ಟಿದವರಿಗೆ ನಾವಡರೆಂದರೆ ಟೇಪಿನ ನಾವಡರೇ.

ಆಟ ಹಿಡಿಯಲು ಒಯ್ಯುತ್ತಿದ್ದ ಟೂ-ಇನ್-ಒನ್ ರೇಡಿಯೋ-ಟೇಪುಗಳಲ್ಲಿ ಹೆಚ್ಚಿನವಕ್ಕೆ ರೆಕಾರ್ಡಿಂಗ್ ಮಟ್ಟ ತಿರುಗಿಸುವ ಗುಂಡಿಯೇ ಇರಲಿಲ್ಲ. ಯಂತ್ರವೇ ಮಟ್ಟ ನೋಡಿಕೊಳ್ಳುತ್ತಿತ್ತು. ಜೋರು ಸದ್ದು ಬಿದ್ದರೆ ಕ್ಷಣದಲ್ಲಿ ತಗ್ಗಿಸಿ, ಮತ್ತೆ ಏರಿಸಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಮಾತು ಹಿಡಿಯಲು ಅದು ಸಾಕು. ಆಟದಲ್ಲಿ ಮಾತ್ರ, ಚಂಡೆಯ ಮುಕ್ತಾಯ ಬಿದ್ದೊಡನೆ ಯಂತ್ರ ಹೆದರಿದ ಮಗುವಿನಂತೆ ಮುದುಡಿಕೊಳ್ಳುತ್ತದೆ. ಅಷ್ಟರಲ್ಲಿ ಭಾಗವತರು ಮುಂದಿನ ಪದ ಎತ್ತಿಯಾಗಿರುತ್ತದೆ. ಪದದ ಮೊದಲ ಸಾಲು ಬಾವಿಯೊಳಗಿಂದ ಕೇಳುವುದು ಇದರಿಂದಲೇ.

ಹೊಸಬರು ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಕಡತ ತೆರೆದವರೇ ‘ನಾರ್ಮಲೈಸ್’ ಒತ್ತುತ್ತಾರೆ. ಉಪಯೋಗವಿಲ್ಲ. ಅದು ಅತಿ ಎತ್ತರದ ಶಿಖರವನ್ನು ಗುರುತಿಸಿ, ಅದಕ್ಕೆ ಹೊಂದುವಂತೆ ಇಡೀ ಕಡತವನ್ನು ಒಂದೇ ಅಳತೆಯಲ್ಲಿ ಎತ್ತುತ್ತದೆ. ಆ ಶಿಖರ ಚಂಡೆಯದು. ಅದು ಮೊದಲೇ ತುದಿ ಮುಟ್ಟಿದ್ದರೆ ಪದ ಕೂದಲೆಳೆಯಷ್ಟೂ ಮೇಲೇಳದು. ನಾನು ಅದರಲ್ಲೇ ಇರುವ ‘ಎನ್ವಲಪ್’ ಎಂಬ ಸಾಧನ ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿ, ತಗ್ಗಿದ ಸಾಲುಗಳನ್ನು ಒಂದೊಂದಾಗಿ ಎತ್ತುತ್ತೇನೆ. ಸ್ವರದ ಜತೆ ಟೇಪಿನ ಸುಸ್ಸೆನ್ನುವ ಸದ್ದೂ ಏರುತ್ತದೆ; ಅಲ್ಲಿಗೇ ಕೈ ತಡೆಯಬೇಕು.

ಚಂಡೆಗೂ ಪದಕ್ಕೂ 12 ಡೆಸಿಬಲ್ ಅಂತರವಿದ್ದರೆ 6ಕ್ಕೆ ಇಳಿಸಿ ನಿಲ್ಲಿಸುತ್ತೇನೆ. 6 ಎಂದರೂ ಅಲೆಯ ಎತ್ತರ ಎರಡು ಪಟ್ಟು. ಎರಡನ್ನೂ ಸಮ ಮಾಡಿದ ಧ್ವನಿಮುದ್ರಿಕೆಗಳು ಈಗ ಸಾಕಷ್ಟಿವೆ. ಅವುಗಳಲ್ಲಿ ಯುದ್ಧದ ಪದಕ್ಕೂ ಶೃಂಗಾರದ ಪದಕ್ಕೂ ಒಂದೇ ಗಾತ್ರ. ಬೆಂಗಳೂರಿನ ಹೋಟೆಲುಗಳಲ್ಲಿರುವ ನಮ್ಮೂರವರು ಮಾತ್ರ ಅದನ್ನೇ ಕೇಳುತ್ತಾರೆ: ಗ್ರೈಂಡರ್ ಸದ್ದಿನ ನಡುವೆ ಪದ ಕೇಳಬೇಕಲ್ಲ! ಅವರಿಗೆ ಅಂತರ ಇನ್ನಷ್ಟು ಕುಗ್ಗಿಸಿದ ಪ್ರತಿ ಬೇರೆ ಮಾಡಿಕೊಡುತ್ತೇನೆ, ಸ್ವಲ್ಪ ಗೊಣಗಿಕೊಂಡೇ.