ಸುತ್ತ ನಿಂತವರು

ಮೊನ್ನೆ ಬುಲೆಟಿನ್‌ಗೆ ಅರ್ಧ ಗಂಟೆ ಇದೆ ಅನ್ನುವಾಗ ಡೆಸ್ಕಿನ ಹುಡುಗ ಒಂದು ವಿಡಿಯೋ ತಂದು ತೋರಿಸಿದ. ಯಾವುದೋ ಶಾಲೆಯ ಮೈದಾನ. ಯೂನಿಫಾರ್ಮ್ ತೊಟ್ಟ ಒಬ್ಬ ಹುಡುಗನನ್ನು ಇಬ್ಬರು ಕೆಡವಿಕೊಂಡು ಹೊಡೀತಿದ್ದಾರೆ. ಇಂಥದ್ದು ಕೈಗೆ ಸಿಕ್ಕರೆ ನಾವು ಏನು ಮಾಡ್ತೀವಿ ಅಂತ ನಿಮಗೆ ಗೊತ್ತೇ ಇದೆ. ಮುಖಕ್ಕೆ ಬ್ಲರ್, ಹೊಡೆಯುವವರ ಸುತ್ತ ಕೆಂಪು ವೃತ್ತ, ಹಿಂದಿನಿಂದ ಢಂ ಅನ್ನೋ ಸದ್ದು, ಅದೇ ಹತ್ತು ಸೆಕೆಂಡನ್ನು ಹತ್ತು ಸಲ ತಿರುಗಿಸೋದು. ಮೂರನೇ ಸಲ ನೋಡುವಾಗ ನಾನು ಸುಮ್ಮನೆ ತಲೆ ಎಣಿಸಿದೆ. ಹೊಡೆಯುವವರು ಇಬ್ಬರು, ಏಟು ತಿನ್ನುವವನು ಒಬ್ಬ, ಸುತ್ತ ನಿಂತವರು ಹದಿನಾಲ್ಕು ಜನ. ಮೊಬೈಲ್ ಹಿಡಿದವನೂ ಸೇರಿದರೆ ಹದಿನೈದು.

ಅವತ್ತಿನ ಚರ್ಚೆಯಲ್ಲಿ ಸಿನಿಮಾ ಕಾರಣ, ಮೊಬೈಲ್ ಕಾರಣ, ಅಪ್ಪ ಅಮ್ಮ ಕಾರಣ ಅಂತ ಮುಕ್ಕಾಲು ಗಂಟೆ ಕಳೀತು. ಆ ಹದಿನೈದು ಜನರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಆ್ಯಂಕರ್ ಕುರ್ಚಿಯಲ್ಲಿದ್ದ ನಾನೂ ಕೇಳಲಿಲ್ಲ. ಆದರೆ ಅವರ ಬಗ್ಗೆ ಐವತ್ತು ವರ್ಷಗಳ ಹಿಂದೆಯೇ ಜಗಳ ಆಡಿದ ಒಂದು ಮೂಲೆ ಈ ಭೂಮಿಯ ಮೇಲಿದೆ. ಸ್ವೀಡನ್ ಮತ್ತು ಅದರ ನೆರೆಯ ನಾರ್ವೆ.

1960ರ ದಶಕದ ಕೊನೆ. ಸ್ವೀಡನ್‌ನಲ್ಲಿ ಪೀಟರ್-ಪೌಲ್ ಹೈನೆಮನ್ ಅನ್ನುವ ವೈದ್ಯರಿದ್ದರು. ಅವರು ದತ್ತು ತೆಗೆದುಕೊಂಡಿದ್ದ ಮಗ ಕಪ್ಪು ವರ್ಣದವನು. ಮಕ್ಕಳ ಗುಂಪು ಅವನನ್ನು ಗೋಳು ಹೊಯ್ದುಕೊಳ್ಳುವುದನ್ನು ಈ ಅಪ್ಪ ನೋಡಿದರು. ಅದಕ್ಕೊಂದು ಹೆಸರು ಬೇಕಿತ್ತು. ಪ್ರಾಣಿಗಳ ನಡವಳಿಕೆಯನ್ನು ಓದಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಅವರ ಪುಸ್ತಕದಲ್ಲಿ ಸಿಕ್ಕ ಮಾತು 'ಮಾಬಿಂಗ್'. ನಮ್ಮಲ್ಲಿ ಹಗಲು ಹೊತ್ತು ಗೂಬೆ ಕಂಡರೆ ಕಾಗೆಗಳೆಲ್ಲ ಸೇರಿ ಅಟ್ಟಾಡಿಸ್ತಾವಲ್ಲ, ಅದೇ. ಹೈನೆಮನ್ 1972ರಲ್ಲಿ ಅದೇ ಹೆಸರಿಟ್ಟು ಪುಸ್ತಕ ಬರೆದರು. ಅವರ ಪ್ರಕಾರ ಇದು ಗುಂಪಿನ ಹಿಂಸೆ. ಗುಂಪು ಕೆರಳುತ್ತದೆ, ಮುಗಿಬೀಳುತ್ತದೆ, ಆಮೇಲೆ ತಣ್ಣಗಾಗುತ್ತದೆ.

ಇದಕ್ಕೆ ತಕರಾರು ತೆಗೆದವರು ಡ್ಯಾನ್ ಓಲ್ವೆಯಸ್. ಹುಟ್ಟಿದ್ದು ಸ್ವೀಡನ್‌ನಲ್ಲಿ, ಪ್ರೊಫೆಸರ್ ಆಗಿದ್ದು ನಾರ್ವೆಯ ಬರ್ಗನ್‌ನಲ್ಲಿ. ಸ್ಟಾಕ್‌ಹೋಮ್ ಸುತ್ತಮುತ್ತಲಿನ ಸುಮಾರು 900 ಗಂಡುಮಕ್ಕಳನ್ನು ಅಧ್ಯಯನ ಮಾಡಿ 1973ರಲ್ಲಿ ಪುಸ್ತಕ ತಂದರು. ಗುಂಪು ಗುಂಪು ಅಂತ ಕೂತರೆ ಯಾರೂ ಸಿಕ್ಕುವುದಿಲ್ಲ, ನಿಜವಾಗಿ ಕಾಡುವವರು ಒಬ್ಬಿಬ್ಬರೇ, ಅವರು ವರ್ಷಗಟ್ಟಲೆ ಅದೇ ಒಬ್ಬನನ್ನು ಹಿಡಿದು ಕಾಡ್ತಾರೆ ಅನ್ನೋದು ಅವರ ವಾದ. ಅವರು ಬುಲ್ಲಿಯಿಂಗ್‌ಗೆ ಕೊಟ್ಟ ವಿವರಣೆಯೇ ಇವತ್ತಿಗೂ ಚಾಲ್ತಿಯಲ್ಲಿದೆ: ಬೇಕಂತಲೇ ಮಾಡಿದ್ದು, ಮತ್ತೆ ಮತ್ತೆ ಮಾಡಿದ್ದು, ಎದುರಿನವನಿಗೆ ತಿರುಗಿ ನಿಲ್ಲುವ ಶಕ್ತಿ ಇಲ್ಲದಿರುವುದು. ಸಮಬಲರ ಜಗಳ ಈ ಲೆಕ್ಕಕ್ಕೆ ಬರೋದಿಲ್ಲ.

ಇದೆಲ್ಲ ಪ್ರೊಫೆಸರುಗಳ ವಾಗ್ವಾದವಾಗಿಯೇ ಉಳಿದುಬಿಡುತ್ತಿತ್ತೇನೋ. 1982ರ ಕೊನೆಯಲ್ಲಿ ನಾರ್ವೆಯ ಒಂದು ಪತ್ರಿಕೆ ಸುದ್ದಿ ಹಾಕಿತು. ದೇಶದ ಉತ್ತರ ಭಾಗದಲ್ಲಿ ಮೂವರು ಹುಡುಗರು ತಮ್ಮ ಜೀವ ತಾವೇ ತೆಗೆದುಕೊಂಡಿದ್ದಾರೆ. ವಯಸ್ಸು 10ರಿಂದ 14. ಓರಗೆಯವರ ಕಾಟವೇ ಕಾರಣ ಇರಬೇಕು ಅನ್ನುವುದು ಹೆಚ್ಚುಕಡಿಮೆ ಎಲ್ಲರಿಗೂ ಖಚಿತವಾಗಿತ್ತು. ದೇಶ ನಡುಗಿಹೋಯಿತು. 1983ರಲ್ಲಿ ಶಿಕ್ಷಣ ಸಚಿವಾಲಯವೇ ದೇಶದುದ್ದಕ್ಕೂ ಅಭಿಯಾನಕ್ಕೆ ಇಳಿಯಿತು.

ಅಭಿಯಾನ ಅಂದರೆ ಜಾಥಾ, ಬ್ಯಾನರ್ ಅಲ್ಲ. ಮೊದಲು ಅಳತೆ. 715 ಶಾಲೆಗಳ 1,30,000 ಮಕ್ಕಳ ಕೈಯಲ್ಲಿ ಹೆಸರು ಬರೆಯದೆ ಪ್ರಶ್ನಾವಳಿ ತುಂಬಿಸಿದರು. ನೂರಕ್ಕೆ ಸುಮಾರು 15 ಮಕ್ಕಳು ಒಂದೋ ಕಾಡುವವರು, ಇಲ್ಲ ಕಾಡಿಸಿಕೊಳ್ಳುವವರು ಅಂತ ಗೊತ್ತಾಯಿತು. ಇಡೀ ದೇಶಕ್ಕೆ ಲೆಕ್ಕ ಹಾಕಿದರೆ 84,000 ಮಕ್ಕಳು. ಶಿಕ್ಷಕರಿಗೆ 32 ಪುಟದ ಪುಸ್ತಿಕೆ, ಮನೆಮನೆಗೆ ನಾಲ್ಕು ಪುಟದ ಮಡಿಕೆ ಪತ್ರ, ತರಗತಿಯಲ್ಲಿ ತೋರಿಸಲು 25 ನಿಮಿಷದ ಒಂದು ವಿಡಿಯೋ ಕ್ಯಾಸೆಟ್ ಬಂದವು.

ಅಳತೆ ಮಾಡಿದ ಮೇಲೆ ಬಿದ್ದುಹೋದ ನಂಬಿಕೆಗಳನ್ನು ನೋಡಿ. ದೊಡ್ಡ ಶಾಲೆ, ತುಂಬಿದ ತರಗತಿ ಆದ್ದರಿಂದ ಹೀಗೆ? ಅಲ್ಲ, ಸಣ್ಣ ಶಾಲೆಯಲ್ಲೂ ಅಷ್ಟೇ. ದಪ್ಪ ಇದ್ದಾನೆ, ಕನ್ನಡಕ ಹಾಕ್ತಾನೆ, ಕೂದಲು ಕೆಂಪು ಅಂತ ಕಾಡ್ತಾರೆ? ಅದೂ ಅಲ್ಲ. ರಟ್ಟೆಯಲ್ಲಿ ಬಲ ಕಡಿಮೆ ಅನ್ನೋದು ಬಿಟ್ಟರೆ ಕಾಡಿಸಿಕೊಳ್ಳುವವರ ಹೊರ ರೂಪದಲ್ಲಿ ವಿಶೇಷವೇನೂ ಇರಲಿಲ್ಲ. ಒಳಗೆ ಪುಕ್ಕಲನಾದವನೇ ಹೊರಗೆ ರೌಡಿ ಆಗ್ತಾನೆ? ಅದೂ ಸುಳ್ಳು, ಕಾಡುವವರಿಗೆ ಆತ್ಮವಿಶ್ವಾಸ ಸಾಕಷ್ಟಿತ್ತು. ಹಾಗಾದರೆ ಯಾವುದು ನಿಜ? ಉತ್ತರಗಳಲ್ಲಿ ಒಂದು ಎಷ್ಟು ಸಾದಾ ಇತ್ತೆಂದರೆ ನಮ್ಮ ಟೀವಿ ಪ್ಯಾನೆಲ್‌ನಲ್ಲಿ ಅದನ್ನು ಹೇಳಿದರೆ ಯಾರೂ ಕೇಳಿಸಿಕೊಳ್ಳಲಿಕ್ಕಿಲ್ಲ. ಬಿಡುವಿನ ಹೊತ್ತಿನಲ್ಲಿ ಮೈದಾನದಲ್ಲಿ ಹೆಚ್ಚು ಶಿಕ್ಷಕರಿದ್ದ ಶಾಲೆಗಳಲ್ಲಿ ಕಾಟ ಕಡಿಮೆ ಇತ್ತು. ಅಷ್ಟೇ.

ಓಲ್ವೆಯಸ್ ಬರ್ಗನ್‌ನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಹಿಂಬಾಲಿಸಿದರು. ಬಿಡುವಿನಲ್ಲಿ ಶಿಕ್ಷಕರ ಕಾವಲು, ತರಗತಿಯಲ್ಲಿ ಎರಡು ಮೂರು ಸ್ಪಷ್ಟ ನಿಯಮ, ಕಾಡಿದವನನ್ನು ಕೂರಿಸಿಕೊಂಡು ಖಡಕ್ ಮಾತು, ಅವನ ಅಪ್ಪ ಅಮ್ಮನ ಜೊತೆಗೂ ಮಾತು. ಹೊಡೆಯೋದು ಬಡಿಯೋದು ಇಲ್ಲ. ಕಾಟ ಅರ್ಧಕ್ಕರ್ಧ ಇಳಿಯಿತು. ಹೆಚ್ಚು ಮಾಡಿದ ತರಗತಿಗಳಲ್ಲಿ ಹೆಚ್ಚು ಇಳಿಯಿತು. ಇಂಜಿನಿಯರಿಂಗ್ ಓದಿದವನಿಗೆ ಇಂಥ ಗ್ರಾಫ್ ಕಂಡರೆ ಒಂದು ಥರ ಸಮಾಧಾನ.

ಆದರೆ ಕಥೆ ಇಷ್ಟಕ್ಕೇ ನಿಲ್ಲಲಿಲ್ಲ. ಅದೇ ದೇಶ, ಅದೇ ಪುಸ್ತಿಕೆ, ಅದೇ ಕ್ಯಾಸೆಟ್. ರೋಗಾಲ್ಯಾಂಡ್ ಅನ್ನುವ ಇನ್ನೊಂದು ಪ್ರಾಂತದಲ್ಲಿ ಎರ್ಲಿಂಗ್ ರೋಲ್ಯಾಂಡ್ ಅನ್ನುವ ಸಂಶೋಧಕರು ಮೂರು ವರ್ಷದ ನಂತರ ಅಳೆದರು. ಇಳಿಕೆ ಇಲ್ಲ. ಸ್ವಲ್ಪ ಏರಿಕೆಯೇ ಕಂಡಿತು. ಎರಡು ಅಧ್ಯಯನದ ವಿಧಾನ ಬೇರೆ, ಹೋಲಿಸಬೇಡಿ ಅಂತ ಓಲ್ವೆಯಸ್ ಆಕ್ಷೇಪ ಎತ್ತಿದರು, ಅದು ಸರಿಯೂ ಇರಬಹುದು. ಆದರೆ ರೋಗಾಲ್ಯಾಂಡ್‌ನಲ್ಲೂ ಕೆಲಸವನ್ನು ಮೈಮೇಲೆ ಹಾಕಿಕೊಂಡು ಮಾಡಿದ ಶಾಲೆಗಳು ಉಳಿದವುಗಳಿಗಿಂತ ವಾಸಿ ಇದ್ದವು. ಪುಸ್ತಿಕೆ ಬೀರುವಿನಲ್ಲಿದ್ದರೆ ಮೈದಾನಕ್ಕೆ ಏನು ಗೊತ್ತಾಗುತ್ತೆ?

ಸುತ್ತ ನಿಂತವರ ವಿಷಯಕ್ಕೆ ಬರ್ತೀನಿ. ಹೈನೆಮನ್ ಪೂರ್ತಿ ತಪ್ಪಿರಲಿಲ್ಲ. ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಮೈದಾನಕ್ಕೆ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಮೈಕು ಸಿಕ್ಕಿಸಿ ನೋಡಿದರು. ಈ ಅಧ್ಯಯನ ಪ್ರಕಟವಾಗಿದ್ದು 2001ರಲ್ಲಿ. ಅವರು ದಾಖಲಿಸಿದ 306 ಘಟನೆಗಳಲ್ಲಿ ಶೇ. 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದಿದ್ದು ಶೇ. 19ರಲ್ಲಿ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನೊಳಗೆ ಕಾಟ ನಿಂತಿತು. ನಾವು ಲೂಪ್ ಹಾಕುವ ಕ್ಲಿಪ್ಪಿನ ಉದ್ದವೂ ಅಷ್ಟೇ ನೋಡಿ. ಫಿನ್‌ಲ್ಯಾಂಡ್‌ನ ಕ್ರಿಸ್ಟಿನಾ ಸಾಲ್ಮಿವಲ್ಲಿ ಈ ಸುತ್ತ ನಿಂತವರನ್ನೇ ಬೇರೆ ಬೇರೆ ಮಾಡಿ ಹೆಸರಿಟ್ಟರು: ಕೈ ಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಕಾಪಾಡುವವರು. ಆ ದೇಶದ ಶಾಲೆಗಳ 'ಕಿವಾ' ಕಾರ್ಯಕ್ರಮ ನಿಂತಿರುವುದು ಈ ವಿಂಗಡಣೆಯ ಮೇಲೆ.

ಈ ಪಟ್ಟಿಯಲ್ಲಿ ನನ್ನ ಜಾಗ ನನಗೆ ಗೊತ್ತು. ಇಂಜಿನಿಯರಿಂಗ್ ಮೊದಲ ವರ್ಷ, ಹಾಸ್ಟೆಲ್ಲು. ರ್‍ಯಾಗಿಂಗ್ ಶಿಕ್ಷಾರ್ಹ ಅಪರಾಧ ಅನ್ನುವ ಬೋರ್ಡಿನ ಕೆಳಗೇ ಸೀನಿಯರ್‌ಗಳು ನಮ್ಮ ಬ್ಯಾಚಿನ ಒಬ್ಬನನ್ನು ನಿಲ್ಲಿಸಿ ಅವನ ಊರಿನ ಕನ್ನಡವನ್ನು ಅಣಕಿಸಿದರು, ಅಂಗಿ ಬಿಚ್ಚಿಸಿದರು. ನಾವು ಸಾಲಾಗಿ ನಿಂತಿದ್ವಿ. ನಾನು ನಕ್ಕೆ. ನಕ್ಕರೆ ನನ್ನ ಸರದಿ ಬರೋದಿಲ್ಲ ಅನ್ನೋ ಲೆಕ್ಕಾಚಾರ, ಬೇರೇನಲ್ಲ. ಮೂರನೇ ವಾರ ಅವನು ಟ್ರಂಕು ಎತ್ತಿಕೊಂಡು ಊರಿಗೆ ಹೊರಟುಹೋದ. ವಾಪಸ್ ಬರಲಿಲ್ಲ.

ರ್‍ಯಾಗಿಂಗ್ ಅನ್ನು ಅಪರಾಧ ಅನ್ನುವ ನಮ್ಮ ಕರ್ನಾಟಕ ಶಿಕ್ಷಣ ಕಾಯ್ದೆಯ ಹೆಸರಿನಲ್ಲೂ 1983 ಅಂತಲೇ ಇದೆ. ನಾರ್ವೆ ಅಭಿಯಾನಕ್ಕೆ ಇಳಿದ ಅದೇ ವರ್ಷ. ಜಾರಿಗೆ ಬಂದಿದ್ದು ಮಾತ್ರ 1995ರಲ್ಲಿ.

ಚರ್ಚೆ ಮುಗಿದ ಮಾರನೇ ದಿನ ಆ ವಿಡಿಯೋದ ಶಾಲೆಯ ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ. ಚಾನೆಲ್ ಅಂದ ಕೂಡಲೇ ಪಾಪ, ಹೆದರಿಬಿಟ್ಟರು. "ಬೈಟ್ ಬೇಡ ಸಾರ್, ಒಂದೇ ಪ್ರಶ್ನೆ. ಮಧ್ಯಾಹ್ನ ಊಟ ಆದ ಮೇಲೆ ಮಕ್ಕಳು ಆಡುವಾಗ ಮೈದಾನದಲ್ಲಿ ಯಾರಿರ್ತಾರೆ?" ಅಂದೆ. ಬಿಸಿಯೂಟ ಬಡಿಸೋದು, ಮೊಟ್ಟೆ ಲೆಕ್ಕ ಬರೆಯೋದು, ಆನ್‌ಲೈನ್ ಹಾಜರಿ ಹಾಕೋದು, ಇರೋದು ಮೂರು ಜನ ಮೇಷ್ಟ್ರು ಅಂತ ಒಂದೊಂದೇ ಹೇಳಿದರು. ನಾನು ಮತ್ತೆ ಅದನ್ನೇ ಕೇಳಿದೆ.

"ಮೈದಾನದಲ್ಲಾ ಸಾರ್? ಅಲ್ಲಿ ಯಾರೂ ಇರಲ್ಲ" ಅಂದರು.