ಎಣ್ಣೆ ತಿಕ್ಕುವ ಕೈ

ನಮ್ಮ ಮನೆಯ ಬಾಣಂತಿಯರಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ಸೂಲಗಿತ್ತಿ ಅಜ್ಜಿಗೆ ಕೊನೆಗೆ ಸಿಗುತ್ತಿದ್ದುದು ಒಂದು ಸೀರೆ, ಎಲೆ ಅಡಿಕೆ, ಮೊರದ ತುಂಬ ಅಕ್ಕಿ. ನನ್ನ ಉಳುಕಿದ ಕಾಲನ್ನೂ ಅವಳೇ ನೀವುತ್ತಿದ್ದಳು. ಮೊನ್ನೆ ಹೆಗಲು ಹಿಡಿದುಕೊಂಡು ಆಸ್ಪತ್ರೆಗೆ ಹೋದಾಗ ಫಿಜಿಯೋಥೆರಪಿಯ ಹುಡುಗಿ ಹೆಬ್ಬೆರಳೂರಿ ಒತ್ತಿದ್ದೂ ಅದೇ ರೀತಿ. “ಏನಮ್ಮ, ಇದು ಮಾಲೀಸು ತಾನೆ?” ಎಂದೆ. “ಹಾಗನ್ನಬೇಡಿ ಸಾರ್, ನಾಲ್ಕೂವರೆ ವರ್ಷ ಓದಿದೀನಿ” ಎಂದಳು, ಮುಖ ಸಣ್ಣದು ಮಾಡಿಕೊಂಡು.

ಈ ಮುನಿಸಿಗೆ ನೂರು ವರ್ಷಕ್ಕೂ ಹಳೆಯ ಕಥೆಯೊಂದಿದೆ. ಮಸಾಜಿನ ಬೋರ್ಡು ತಗುಲಿಸಿ ಬೇರೆಯೇ ವ್ಯಾಪಾರ ನಡೆಸುವ ಮನೆಗಳು ಲಂಡನ್ನಿನಲ್ಲಿವೆಯೆಂದು 1894ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಬರೆಯಿತು. ಪೆಟ್ಟು ತಗುಲಿದ್ದು ರೋಗಿಗಳ ಮೈ ನೀವಿ ಮರ್ಯಾದೆಯಿಂದ ಅನ್ನ ತಿನ್ನುತ್ತಿದ್ದ ನರ್ಸುಗಳಿಗೆ. ಅವರಲ್ಲಿ ನಾಲ್ವರು, ರೋಸಲಿಂಡ್ ಪ್ಯಾಜೆಟ್, ಲೂಸಿ ರಾಬಿನ್ಸನ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್, ಅದೇ ವರ್ಷ ತರಬೇತಿ ಪಡೆದ ಮಸಾಜಿನವರ ಸಂಘವೊಂದನ್ನು ಕಟ್ಟಿದರು. ಪ್ಯಾಜೆಟ್ ಸೂಲಗಿತ್ತಿಯೂ ಆಗಿದ್ದಳೆಂದು ಓದಿದಾಗ ನನಗೇಕೋ ಖುಷಿಯಾಯಿತು.

ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡುಗಳು ಬಿಗಿಯಾದವು. ಡಾಕ್ಟರು ಹೇಳದೆ ಯಾರ ಮೈಯನ್ನೂ ಮುಟ್ಟುವಂತಿಲ್ಲ. ಡಾಕ್ಟರು ವಿಶೇಷವಾಗಿ ಕೇಳಿಕೊಂಡರೆ ಹೊರತು ಗಂಡಸರಿಗೆ ಮೈಪೂರ್ತಿ ಮಸಾಜಿಲ್ಲ. ವೈದ್ಯಕೀಯ ಪತ್ರಿಕೆ ಬಿಟ್ಟು ಬೇರೆಲ್ಲೂ ಜಾಹೀರಾತಿಲ್ಲ. ಇದರ ಮೇಲೆ ಪರೀಕ್ಷೆ ಬೇರೆ. ಕೆಸರು ಎರಚಿದವರು ಯಾರೋ, ಸೆರಗು ತೊಳೆಯಬೇಕಾದವರು ಇವರು!

1914ರಲ್ಲಿ ಮಹಾಯುದ್ಧ ಬಂತು. ಅಲ್ಮೆರಿಕ್ ಪ್ಯಾಜೆಟ್ ದಂಪತಿಗಳ ದುಡ್ಡಿನಲ್ಲಿ ಮೊದಲು 50 ಮಂದಿ ಹೆಂಗಸರು ಸೈನ್ಯದ ಆಸ್ಪತ್ರೆಗಳಿಗೆ ಹೊರಟರು. ಸೆಟೆದ ಕೀಲು, ಬತ್ತಿದ ತೊಡೆ, ಎದುರಿಗಿದ್ದವರೆಲ್ಲ ಗಂಡಸರೇ. ಹಳೆಯ ಭಯ ಎಲ್ಲಿ ಹೋಯಿತೋ! ಕಣ್ಣು ಕಳೆದುಕೊಂಡ ಸೈನಿಕರಲ್ಲಿ ಕೆಲವರು ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಮೂಲಕ ಇದೇ ವಿದ್ಯೆ ಕಲಿತು ಹೊಟ್ಟೆ ಹೊರೆದರು. 1920ರಲ್ಲಿ ಸಂಘಕ್ಕೆ ರಾಜಸನದು ಸಿಕ್ಕಿತು. 1944ರಲ್ಲಿ ಅದು ತನ್ನ ಹೆಸರಿನಿಂದ ‘ಮಸಾಜ್’ ಎಂಬ ಮಾತನ್ನೇ ಕಿತ್ತುಹಾಕಿ ‘ಫಿಜಿಯೋಥೆರಪಿ’ ಎಂದು ಬರೆದುಕೊಂಡಿತು. ಕೈ ಒಳಗೆ ಬಂತು, ಹೆಸರು ಹೊಸಿಲಾಚೆ ಉಳಿಯಿತು.

ಮುಂದಿನ ವಾರ ಹೋದಾಗ ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ, ಅಜ್ಜಿಯ ವಿಷಯವನ್ನೂ. ಒತ್ತುತ್ತಿದ್ದ ಕೈ ನಿಲ್ಲಿಸಿ, “ಬಾಣಂತಿಗೆ ಅವರು ಎಲ್ಲಿಂದ ಶುರು ಮಾಡ್ತಿದ್ರು ಸಾರ್?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಆ ಬಚ್ಚಲಮನೆಯ ಹತ್ತಿರ ಗಂಡುಹುಡುಗರನ್ನು ಬಿಡುತ್ತಿರಲಿಲ್ಲ.