ಲೋಹಭಾಗಗಳಲ್ಲಿ ಬಿರುಕು ಪತ್ತೆ

ಲೋಹಭಾಗಗಳಲ್ಲಿ ಬಿರುಕು ಪತ್ತೆ ಎಂದರೆ ಸೇತುವೆ, ಅಣೆಕಟ್ಟೆಯ ಗೇಟು, ರೈಲು ಹಳಿ, ಕ್ರೇನಿನ ಕೊಕ್ಕೆ ಮುಂತಾದ ಭಾರ ಹೊರುವ ಭಾಗಗಳಲ್ಲಿ ಅಡಗಿರುವ ಸೀಳುಗಳನ್ನು, ಆ ಭಾಗಗಳನ್ನು ಕತ್ತರಿಸದೆ, ಕೆಡಿಸದೆ ಕಂಡುಹಿಡಿಯುವ ಕ್ರಮ. ಇದಕ್ಕೆ ಬಳಸುವ ವಿಧಾನಗಳನ್ನು ಒಟ್ಟಾಗಿ ಅವಿನಾಶಕ ಪರೀಕ್ಷೆ ಅಥವಾ ಎನ್‌ಡಿಟಿ ಎನ್ನುತ್ತಾರೆ. ಎಲ್ಲ ಬಗೆಯ ಬಿರುಕುಗಳನ್ನೂ ತೋರಿಸಬಲ್ಲ ಒಂದೇ ವಿಧಾನವಿಲ್ಲ. ಬಿರುಕು ಎಲ್ಲಿ, ಯಾವ ದಿಕ್ಕಿನಲ್ಲಿ ಮೂಡಬಹುದೆಂದು ತಿಳಿದು ತಕ್ಕ ವಿಧಾನವನ್ನು ಆರಿಸಬೇಕಾಗುತ್ತದೆ.

ಬಿರುಕಿನ ಹುಟ್ಟು

ಲೋಹವು ತಾಳಬಲ್ಲ ಮಿತಿಗಿಂತ ಕಡಿಮೆ ಭಾರವೇ ಸಾವಿರಾರು ಬಾರಿ ಏರಿ ಇಳಿದರೆ ಅದರಲ್ಲಿ ಸೂಕ್ಷ್ಮ ಬಿರುಕು ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ಬೆಸುಗೆಯ ಅಂಚು, ರಂಧ್ರ, ಚೂಪಾದ ಮೂಲೆಗಳಲ್ಲಿ ಒತ್ತಡವು ಒಂದೆಡೆ ಕೂಡುವುದರಿಂದ ಬಿರುಕುಗಳು ಸಾಮಾನ್ಯವಾಗಿ ಅಲ್ಲಿಯೇ ಆರಂಭವಾಗುತ್ತವೆ. ತುಕ್ಕು ಅವುಗಳ ಬೆಳವಣಿಗೆಯನ್ನು ತ್ವರಿತಗೊಳಿಸುತ್ತದೆ. ಬಿರುಕು ಒಂದು ನಿರ್ದಿಷ್ಟ ಅಳತೆಯನ್ನು ಮುಟ್ಟಿದೊಡನೆ ಉಳಿದ ಭಾಗವು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ಪ್ರಮುಖ ವಿಧಾನಗಳು

* ಬಣ್ಣದ್ರವ ಪರೀಕ್ಷೆ: ಶುಚಿಗೊಳಿಸಿದ ಮೇಲ್ಮೈಗೆ ಬಣ್ಣದ ದ್ರವವನ್ನು ಹಚ್ಚಿ, ಕೆಲವು ನಿಮಿಷಗಳ ನಂತರ ಒರೆಸಿ, ಬಿಳಿಯ ಪುಡಿಯನ್ನು ಲೇಪಿಸುತ್ತಾರೆ. ಬಿರುಕಿನೊಳಗೆ ಉಳಿದ ದ್ರವವು ಹೊರಬಂದು ಗೆರೆಯಾಗಿ ಕಾಣುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕುಗಳಷ್ಟೇ ಇದರಲ್ಲಿ ಸಿಗುತ್ತವೆ.
* ಕಾಂತಕಣ ಪರೀಕ್ಷೆ: ಉಕ್ಕಿನ ಭಾಗವನ್ನು ಕಾಂತೀಯಗೊಳಿಸಿ ಕಬ್ಬಿಣದ ಸೂಕ್ಷ್ಮ ಪುಡಿಯನ್ನು ಉದುರಿಸಿದರೆ ಅದು ಬಿರುಕಿನ ಮೇಲೆ ಗುಂಪುಗೂಡುತ್ತದೆ. ಕಾಂತಕ್ಷೇತ್ರಕ್ಕೆ ಅಡ್ಡಲಾಗಿರುವ ಬಿರುಕುಗಳು ಮಾತ್ರ ಸ್ಪಷ್ಟವಾಗಿ ಕಾಣುವುದರಿಂದ ಎರಡು ದಿಕ್ಕುಗಳಲ್ಲಿ ಪರೀಕ್ಷಿಸುವುದು ರೂಢಿ. ಅಲ್ಯೂಮಿನಿಯಂಗೆ ಇದು ಒದಗುವುದಿಲ್ಲ.
* ಶ್ರವಣಾತೀತ ಪರೀಕ್ಷೆ: ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಲೋಹದೊಳಗೆ ಕಳುಹಿಸಿ ಪ್ರತಿಧ್ವನಿಯನ್ನು ಅಳೆಯುತ್ತಾರೆ. ಉಕ್ಕಿನಲ್ಲಿ ಈ ತರಂಗದ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. ಪ್ರತಿಧ್ವನಿಯು ಸೆಕೆಂಡಿನ ಹತ್ತು ಲಕ್ಷದ 20 ಭಾಗದಲ್ಲಿ ಮರಳಿದರೆ ದೋಷವು ಸುಮಾರು 59 ಮಿ.ಮೀ. ಆಳದಲ್ಲಿದೆ ಎಂದರ್ಥ. ಭಾರತೀಯ ರೈಲ್ವೆಯು ಹಳಿಗಳನ್ನು ಈ ವಿಧಾನದಿಂದ ಪರೀಕ್ಷಿಸುತ್ತದೆ.
* ವಿಕಿರಣ ಚಿತ್ರಣ: ಕ್ಷ-ಕಿರಣ ಅಥವಾ ಗಾಮಾ ಕಿರಣದಿಂದ ಬೆಸುಗೆಯ ಒಳಭಾಗದ ಚಿತ್ರವನ್ನು ತೆಗೆಯುತ್ತಾರೆ. ಕಿರಣದ ದಿಕ್ಕಿಗೆ ಅಡ್ಡಲಾಗಿರುವ ತೆಳು ಬಿರುಕು ಚಿತ್ರದಲ್ಲಿ ತಪ್ಪಿಹೋಗಬಹುದು.

ಸಿಲ್ವರ್ ಸೇತುವೆಯ ಕುಸಿತ

ಅಮೆರಿಕದ ಓಹಿಯೊ ನದಿಯ ಮೇಲಿದ್ದ ಸಿಲ್ವರ್ ಸೇತುವೆಯು 1967ರ ಡಿಸೆಂಬರ್ 15ರಂದು ಕುಸಿದು 46 ಮಂದಿ ಮೃತಪಟ್ಟರು. ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಪಟ್ಟಿಗಳ ಸರಪಳಿಯಲ್ಲಿ ಒಂದು ಪಟ್ಟಿಯ ರಂಧ್ರದ ಬಳಿ ಸುಮಾರು 2.5 ಮಿ.ಮೀ. ಆಳದ ಬಿರುಕಿತ್ತು. ಜೋಡಣೆಯನ್ನು ಬಿಚ್ಚದೆ ಅದನ್ನು ಕಾಣಲು ಸಾಧ್ಯವಿರಲಿಲ್ಲ. ಈ ದುರಂತದ ನಂತರ ಆ ದೇಶದಲ್ಲಿ ಸೇತುವೆಗಳ ನಿಯತ ತಪಾಸಣೆಗೆ ರಾಷ್ಟ್ರೀಯ ನಿಯಮಗಳು ಬಂದವು.

ತುಂಗಭದ್ರಾ ಅಣೆಕಟ್ಟೆ

ಒಂದು ಸರಪಳಿಯ ಮೇಲೆ ಎಷ್ಟು ಅವಲಂಬಿತವಾಗಿರಬಹುದು ಎಂಬುದಕ್ಕೆ ಕರ್ನಾಟಕದ ಉದಾಹರಣೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ. 1950ರ ದಶಕದಲ್ಲಿ ನಿರ್ಮಾಣಗೊಂಡ ಈ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟುಗಳಿವೆ. ಪ್ರತಿ ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆಗ ಜಲಾಶಯವು ಬಹುತೇಕ ಭರ್ತಿಯಾಗಿತ್ತು. ಒತ್ತಡವನ್ನು ತಗ್ಗಿಸಲು ಇತರ ಗೇಟುಗಳಿಂದಲೂ ನೀರನ್ನು ಬಿಡಬೇಕಾಗಿ ಬಂದು, ಬೆಳೆಗೆಂದು ಕೂಡಿಟ್ಟ ನೀರು ನದಿಯ ಪಾಲಾಯಿತು. ಹೊಸಪೇಟೆ ಮತ್ತು ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದ ಸಮೀಪದ ತೋರಣಗಲ್ಲು ಭಾಗದಲ್ಲಿ ತಯಾರಾದ ಉಕ್ಕಿನ ಹಲಗೆಗಳನ್ನು ಗೇಟುತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಇಳಿಸಿ, ಆಗಸ್ಟ್ 17ರ ವೇಳೆಗೆ ಕಂಡಿಯನ್ನು ಮುಚ್ಚಲಾಯಿತು. ಮುಂದೆ ತಜ್ಞರ ಪರಿಶೀಲನೆಯ ಬಳಿಕ ಎಲ್ಲ ಗೇಟುಗಳನ್ನೂ ಬದಲಿಸಲು ನಿರ್ಧರಿಸಲಾಯಿತು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು.

ಮಿತಿಗಳು

ಪರೀಕ್ಷೆಯಲ್ಲಿ ಬಿರುಕು ಕಾಣಲಿಲ್ಲ ಎಂದರೆ ಬಿರುಕೇ ಇಲ್ಲ ಎಂದಲ್ಲ. ಆ ವಿಧಾನಕ್ಕೆ ಗೋಚರಿಸುವಷ್ಟು ದೊಡ್ಡ ಬಿರುಕು ಸಿಕ್ಕಿಲ್ಲ ಎಂದಷ್ಟೇ ಅರ್ಥ. ಬಣ್ಣ, ಜಿಡ್ಡು, ತುಕ್ಕುಗಳು ದೋಷವನ್ನು ಮರೆಮಾಡುತ್ತವೆ. ನೀರಿನಡಿಯ ಭಾಗಗಳನ್ನು ಜಲಾಶಯ ತಗ್ಗಿದಾಗ ಪರೀಕ್ಷಿಸುವುದು ಸುಲಭ. ಆದ್ದರಿಂದ ಎರಡು ತಪಾಸಣೆಗಳ ನಡುವಿನ ಅವಧಿಯನ್ನು, ಕಣ್ತಪ್ಪಿದ ಸಣ್ಣ ಬಿರುಕು ಅಪಾಯಕಾರಿ ಅಳತೆಗೆ ಬೆಳೆಯಲು ಬೇಕಾಗುವ ಕಾಲಕ್ಕಿಂತ ಕಡಿಮೆಯಾಗಿ ನಿಗದಿಪಡಿಸುತ್ತಾರೆ.